ಕಾಲುವೆಯ ದೋಣಿಮನೆಯಲ್ಲಿ ನಾಯಿಗಳೊಡನೆ ವಾಸ

ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕಿನ ದೋಣಿಗಳು ಬಹುಮಟ್ಟಿಗೆ ಕಣ್ಮರೆಯಾಗಿದ್ದರೂ, ಅವುಗಳ ಅಳತೆಯಲ್ಲಿಯೇ ಉಕ್ಕಿನಿಂದ ಕಟ್ಟಿದ, 6 ಅಡಿ 10 ಅಂಗುಲ ಅಗಲದ ‘ನ್ಯಾರೋಬೋಟ್’ ಎಂಬ ದೋಣಿಗಳಲ್ಲಿ ವರ್ಷವಿಡೀ ಸಂಸಾರ ಹೂಡಿಕೊಂಡಿರುವವರು ಅಲ್ಲಿ ಸಾವಿರಾರು ಮಂದಿಯುಂಟು. ಅವರಲ್ಲಿ ಅನೇಕರ ಸಂಸಾರದಲ್ಲಿ ನಾಯಿಯೂ ಸೇರಿದೆ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿಯೇ ಮೊದಲಾದ ಎಂಜಿನಿಯರುಗಳು, ದೋಣಿಯನ್ನು ತಗ್ಗಿನಿಂದ ಎತ್ತರಕ್ಕೆ ಏರಿಸುವ ‘ಲಾಕ್’ ಎಂಬ ನೀರಿನ ಕೊಠಡಿಗಳನ್ನು ಅನೇಕ ಕಡೆ ಏಳಡಿಯಷ್ಟೇ ಅಗಲವಾಗಿ ಕಟ್ಟಿದರಾಗಿ, ಅಂದಿನ ಆ ಮಿತವ್ಯಯವು ಇಂದಿನ ದೋಣಿಮನೆಯ ನಡುಮನೆಯನ್ನೂ ಅಡುಗೆಮನೆಯನ್ನೂ ಆಳುತ್ತಿದೆ. ನಗರದ ಬಾಡಿಗೆಗೆ ಬೇಸತ್ತು ಈ ಬಗೆಯ ಬಾಳನ್ನು ಅಪೇಕ್ಷಿಸುವವರಲ್ಲಿ ಅಲ್ಲಿಗೆ ಉದ್ಯೋಗಕ್ಕೆ ಹೋದ ನಮ್ಮವರೂ ಇರಬಹುದಾದ್ದರಿಂದ, ನಾಯಿಯುಳ್ಳವರು ಅನುಸರಿಸತಕ್ಕ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇನೆ. ಎಲ್ಲಕ್ಕೂ ಮೊದಲು ಗಮನಿಸಬೇಕಾದ ಮಾತು ಇದು: ಕಾಲುವೆಯ ಕಾಯಿದೆ ದೋಣಿಗೆ ಸಂಚಾರವನ್ನು ವಿಧಿಸುತ್ತದೆ, ನಾಯಿಯ ಸ್ವಭಾವವಾದರೋ ಸ್ಥಿರತೆಯನ್ನು ಬೇಡುತ್ತದೆ, ದಡ ಬದಲಾಗುತ್ತಿದ್ದರೂ ದೋಣಿಯೊಳಗಿನ ದಿನಚರಿ ಬದಲಾಗದಂತೆ ನೋಡಿಕೊಳ್ಳುವುದೇ ಈ ವಿರೋಧಕ್ಕೆ ಪರಿಹಾರ.

ದೋಣಿಯನ್ನು ಆರಿಸುವ ಮುನ್ನ

ಕೊಳ್ಳುವ ಮುಂಚೆ ಒಂದು ವಾರ ಬಾಡಿಗೆಯ ದೋಣಿಯಲ್ಲಿ ನಾಯಿಯನ್ನು ಕರೆದುಕೊಂಡು ಇದ್ದು ನೋಡತಕ್ಕದ್ದು. ಬಾಡಿಗೆಗೆ ಕೊಡುವವರಲ್ಲಿ ಹಲವರು ನಾಯಿಗೆ ಅವಕಾಶ ಕೊಡುತ್ತಾರೆ. ಆದರೆ ಜೂನ್ ತಿಂಗಳ ಬಿಸಿಲಿನಲ್ಲಿ, ಹೂ ಬಿಟ್ಟ ದಡಗಳ ನಡುವೆ ಮಾಡಿದ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ಮಾರ್ಚಿಯ ಆರಂಭದಲ್ಲೋ ಅಕ್ಟೋಬರಿನ ಕೊನೆಯಲ್ಲೋ, ದಡದ ಹಾದಿ ಕೆಸರಾಗಿ, ನಾಯಿಯ ನಾಲ್ಕು ಕಾಲುಗಳೂ ದಿನಕ್ಕೆ ಮೂರು ಸಲ ಒರೆಸಿಸಿಕೊಳ್ಳಬೇಕಾದ ಕಾಲದಲ್ಲಿ ಹೋಗಿ, ಆಮೇಲೂ ಉತ್ಸಾಹ ಉಳಿದಿದ್ದರೆ ಮುಂದಿನ ಮಾತು.

ದೋಣಿಯ ಹಿಂತುದಿಯ ವಿನ್ಯಾಸವು ನಾಯಿಯುಳ್ಳವರಿಗೆ ಬಹು ಮುಖ್ಯ. ‘ಕ್ರೂಸರ್’ ಎಂಬ ಮಾದರಿಯಲ್ಲಿ ಹಿಂದಿನ ಜಗುಲಿ ವಿಶಾಲವಾಗಿ ತೆರೆದಿದ್ದು, ಜನ ಕೂಡಲು ಅನುಕೂಲವಾದರೂ, ಚುಕ್ಕಾಣಿಯ ದಂಡ ಒಮ್ಮೆಲೇ ಪಕ್ಕಕ್ಕೆ ತಿರುಗಿದಾಗ ಅಲ್ಲಿರುವ ನಾಯಿಯನ್ನು ನೀರಿಗೆ, ಅದೂ ಪ್ರೊಪೆಲರಿನ ಬಳಿಗೇ, ನೂಕಬಲ್ಲುದು. ‘ಟ್ರ್ಯಾಡಿಷನಲ್’ ಮಾದರಿಯಲ್ಲಿ ನಾವಿಕನಿಗೆ ನಿಲ್ಲುವಷ್ಟೇ ಜಾಗ. ಇವೆರಡರ ಮಧ್ಯದ್ದಾದ ‘ಸೆಮಿ-ಟ್ರ್ಯಾಡ್’ನಲ್ಲಿ ಎರಡು ಪಕ್ಕಗಳಲ್ಲಿ ಗೋಡೆ ಇರುವುದರಿಂದ ನಾಯಿ ಒಡೆಯನ ಬಳಿಯಲ್ಲಿಯೂ ಇರಬಹುದು, ಕ್ಷೇಮವಾಗಿಯೂ ಇರಬಹುದು, ನನ್ನ ಮತ ಇದರ ಕಡೆಗೆ. ಒಳಕ್ಕಿಳಿಯುವ ಮೆಟ್ಟಿಲುಗಳು ಸಾಮಾನ್ಯವಾಗಿ ಏಣಿಯಷ್ಟು ಕಡಿದಾಗಿರುವುದರಿಂದ ಮುದಿನಾಯಿಗೂ, ಡ್ಯಾಕ್ಸ್‌ಹುಂಡಿನಂಥ ನೀಳಬೆನ್ನಿನ ನಾಯಿಗೂ ಇಳಿಜಾರು ಹಲಗೆಯನ್ನು ಹೂಡಲು ಜಾಗವಿದೆಯೇ ಎಂದು ಅಳೆದು ನೋಡಬೇಕು. ಉದ್ದದ ವಿಷಯದಲ್ಲಿ 57 ಅಡಿಯ ದೋಣಿಯು ಆ ದೇಶದ ಹೆಚ್ಚುಕಡಮೆ ಎಲ್ಲ ಕಾಲುವೆಗಳಲ್ಲಿಯೂ ಹಾದುಹೋಗುತ್ತದೆಂಬ ಕಾರಣಕ್ಕೆ ಬಹುಜನಪ್ರಿಯ. ಉದ್ದ ಎಷ್ಟಿದ್ದರೂ ಒಳಗಿನ ಓಣಿ ಮಾತ್ರ ಇಕ್ಕಟ್ಟಿನದೇ: ಎರಡು ದೊಡ್ಡ ನಾಯಿಗಳು ಅಲ್ಲಿ ಎದುರುಬದುರಾದರೆ ಒಂದು ಹಿಂದಕ್ಕೆ ನಡೆಯಲೇಬೇಕು. ಸರಕಿನ ದೋಣಿಗಳ ಪುಟ್ಟ ಗೂಡಿನಲ್ಲಿ ಇಡೀ ಕುಟುಂಬಗಳು ಬಾಳುತ್ತಿದ್ದ ಕಾಲದಲ್ಲಿ, ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದ ಫಲವಾಗಿ 1877ರ ಕಾಯಿದೆ ಬಂದು, ಒಂದು ಗೂಡಿನಲ್ಲಿ ಎಷ್ಟು ಜನ ವಾಸಿಸಬಹುದೆಂಬುದಕ್ಕೆ ಕಟ್ಟುಪಾಡು ಹುಟ್ಟಿತು. ನಾಯಿಗಳ ಮಟ್ಟಿಗೆ ಆ ವಿವೇಕವನ್ನು ಒಡೆಯನೇ ತೋರಿಸಬೇಕಾಗಿದೆ.

ಕಾಗದಪತ್ರಗಳ ವಿಷಯ ಸಂಕ್ಷೇಪವಾಗಿ ಹೀಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನಿಂದ ಲೈಸೆನ್ಸ್, ಅದಕ್ಕೆ ಪೂರ್ವಭಾವಿಯಾಗಿ ನಾಲ್ಕು ವರ್ಷಗಳಿಗೊಮ್ಮೆ ಪಡೆಯತಕ್ಕ ಸುರಕ್ಷತಾ ಪ್ರಮಾಣಪತ್ರ, ಮತ್ತು ವಿಮೆ: ಇವು ಮೂರೂ ಬೇಕು. ಸ್ವಂತ ತಂಗುದಾಣವಿಲ್ಲದ ದೋಣಿಯು 1995ರ ಕಾಯಿದೆಯ ಪ್ರಕಾರ ನಿಜವಾದ ಸಂಚಾರದಲ್ಲಿ ತೊಡಗಿರಬೇಕು. ಸಾಧಾರಣವಾಗಿ ಒಂದೇ ಎಡೆಯಲ್ಲಿ 14 ದಿನಗಳಿಗಿಂತ ಹೆಚ್ಚು ನಿಲ್ಲಕೂಡದು. ಇಂಥ ದೋಣಿಗಳಿಗೆ 2024ರಿಂದ ಹೆಚ್ಚುವರಿ ಶುಲ್ಕವೂ ಸೇರಿದೆ. ಮರೀನಾದಲ್ಲಿ ಸ್ಥಿರವಾದ ಜಾಗವನ್ನು ಬಾಡಿಗೆಗೆ ಹಿಡಿಯುವವರು, ಅಲ್ಲಿ ಖಾಯಂ ವಾಸಕ್ಕೆ ಅನುಮತಿಯುಂಟೇ, ನಾಯಿಗಳ ಬಗ್ಗೆ ಏನು ನಿಯಮ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಬರವಣಿಗೆಯಲ್ಲಿ ಕೇಳಿ ಪಡೆಯತಕ್ಕದ್ದು.

ಒಳಗಿನ ಏರ್ಪಾಡು

ನಾಯಿ ದೋಣಿಗೆ ಕಾಲಿಡುವ ಮುಂಚೆಯೇ ಒಳಗಿನ ವ್ಯವಸ್ಥೆ ಮುಗಿದಿರಬೇಕು. ಚಳಿಗಾಲದಲ್ಲಿ ದೋಣಿಯ ಜೀವಾಳವಾದ ಕಬ್ಬಿಣದ ಒಲೆಯ ಸುತ್ತ ತಂತಿಬಲೆಯ ತಡೆಯನ್ನು ಗೋಡೆಗೆ ಬಿಗಿದು ನಿಲ್ಲಿಸುವುದು ಮೊದಲ ಕೆಲಸ. ಸುಮ್ಮನೆ ಒರಗಿಸಿಟ್ಟರೆ, ಪಕ್ಕದ ದೋಣಿಯ ಅಲೆಗೆ ಅದು ಬೀಳುತ್ತದೆ. ಎರಡನೆಯದು ಗಾಳಿಕಂಡಿಗಳ ವಿಷಯ. ಅಡುಗೆಗೆ ಬಳಸುವ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕೆಳಗೆ ಇಳಿದು ತಳದಲ್ಲಿ ಸಂಗ್ರಹವಾಗುತ್ತದೆ. ಆದಕಾರಣವೇ ಸಿಲಿಂಡರುಗಳನ್ನು ಹೊರಕ್ಕೆ ರಂಧ್ರವುಳ್ಳ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಲೆಗೂ ಉಸಿರಿಗೂ ಬೇಕಾದ ಗಾಳಿಗಾಗಿ ಬಾಗಿಲುಗಳ ಬುಡದಲ್ಲಿ ಕಂಡಿಗಳನ್ನು ಬಿಟ್ಟಿರುತ್ತಾರೆ. ನಾಯಿಯ ಹಾಸಿಗೆಯನ್ನು ಇಡಲು ಎಲ್ಲರಿಗೂ ಮೊದಲು ತೋಚುವ ಜಾಗವು, ದುರ್ದೈವದಿಂದ, ಆ ಕಂಡಿಗಳ ಮುಂದಿನದೇ. ಚಳಿ ಬರುತ್ತದೆಂದು ಹಾಸಿಗೆಯಿಂದ ಕಂಡಿ ಮುಚ್ಚುವುದು, ಉದುರಿದ ಕೂದಲು ಕಟ್ಟಿಕೊಳ್ಳಲು ಬಿಡುವುದು, ಇವೆರಡೂ ಕಾರ್ಬನ್ ಮಾನಾಕ್ಸೈಡಿಗೆ ಕೊಟ್ಟ ಆಹ್ವಾನಗಳು. ಈ ವಿಷಾನಿಲದ ಎಚ್ಚರಿಕೆಯ ಗಂಟೆಯು 2019ರಿಂದ ಸುರಕ್ಷತಾ ಪರೀಕ್ಷೆಯ ಕಡ್ಡಾಯ ಅಂಶವಾಗಿದ್ದರೂ, ಅದರ ಬ್ಯಾಟರಿಯನ್ನು ಆಗಾಗ ಪರೀಕ್ಷಿಸುವವರು ವಿರಳ.

ಮುಂತುದಿಯ ತೆರೆದ ಭಾಗಕ್ಕೆ ಕ್ಯಾನ್ವಾಸಿನ ಹೊದಿಕೆ ಹಾಕಿದ ‘ಕ್ರ್ಯಾಚ್’ ನಮ್ಮ ಹಳ್ಳಿಮನೆಯ ಜಗಲಿಯಂತೆ ಉಪಯೋಗಕ್ಕೆ ಬರುತ್ತದೆ. ಕೆಸರಿನ ನಾಯಿ ಅಲ್ಲಿ ನಿಂತು, ಒರೆಸಿಸಿಕೊಂಡು, ಒಣಗಿಯೇ ಒಳಗೆ ಬರಬೇಕೆಂಬ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸತಕ್ಕದ್ದು. ಒದ್ದೆನಾಯಿಯಿಂದ ಏಳುವ ಆವಿಯು ತಣ್ಣನೆಯ ಉಕ್ಕಿನ ಗೋಡೆಗಳಲ್ಲಿ ಹನಿಗಟ್ಟಿ, ಹಾಸಿಗೆಗಳ ಹಿಂದೆ ಬೂಷ್ಟು ಹಿಡಿಯುವುದು ದೋಣಿವಾಸಿಗಳ ನಿತ್ಯದ ದೂರು. ನೀರಿನ ಟ್ಯಾಂಕು ಮಿತವಾದ್ದರಿಂದ, ನಾಯಿಯ ಸ್ನಾನವನ್ನು ನೀರು ತುಂಬಿಸುವ ನಲ್ಲಿಯ ಎಡೆ ತಲುಪುವ ದಿನಕ್ಕೆ ಮುಂದೂಡುವುದು ಜಾಣತನ.

ನಾಯಿಗೆ ದೋಣಿಯ ಪರಿಚಯ

ಇನ್ನು ನಾಯಿಯ ಪ್ರವೇಶ. ಬಿಗಿಯಾಗಿ ಕಟ್ಟಿದ, ಎಂಜಿನ್ ನಿಂತ ದೋಣಿಗೆ ಅದು ತಾನಾಗಿ ಕಾಲಿಡುವವರೆಗೆ ಕಾಯಬೇಕು; ಎತ್ತಿಕೊಂಡು ಒಳಗೆ ಹಾಕಿದ ನಾಯಿ ಆ ಅಂತರವನ್ನು ದಾಟುವುದನ್ನು ಕಲಿಯುವುದೇ ಇಲ್ಲ. ಅದರ ಹಳೆಯ ಹಾಸಿಗೆ, ಹಳೆಯ ತಟ್ಟೆಗಳನ್ನೇ ಒಳಗಿಟ್ಟು, ಮೊದಲ ಊಟವನ್ನು ಅಲ್ಲಿಯೇ ಬಡಿಸಿ, ಒಂದೆರಡು ರಾತ್ರಿ ಕಟ್ಟಿದ ಜಾಗದಲ್ಲಿಯೇ ಕಳೆಯಬೇಕು. ತರುವಾಯ ದೋಣಿಯನ್ನು ಬಿಚ್ಚದೆ ಎಂಜಿನನ್ನು ಮಾತ್ರ ಓಡಿಸಿ, ಉಕ್ಕಿನ ಗೋಡೆಗಳಲ್ಲಿ ಹರಿಯುವ ಆ ನಡುಕಕ್ಕೆ ಅದರ ಕಿವಿಯನ್ನೂ ಪಾದಗಳನ್ನೂ ಹೊಂದಿಸಬೇಕು. ಅದು ನಿದ್ದೆ ಮಾಡುವಷ್ಟು ನಿರಾತಂಕವಾದ ಮೇಲೆಯೇ ಚಿಕ್ಕದೊಂದು ಪಯಣ, ಅದೂ ಲಾಕ್‌ಗಳಿಲ್ಲದ ಹಾದಿಯಲ್ಲಿ. ಈ ದಿನಗಳಲ್ಲಿ ಕಲಿಸಲೇಬೇಕಾದ ಪಾಠ ಒಂದೇ: ಅಪ್ಪಣೆಯಿಲ್ಲದೆ ದಡಕ್ಕೆ ಹಾರಬಾರದು. ದೋಣಿ ದಡಕ್ಕೆ ಇನ್ನೂ ಎರಡಡಿ ದೂರವಿರುವಾಗ ಹಾರುವ ಉತ್ಸಾಹಿಯೇ ದೋಣಿಗೂ ದಡದ ಗೋಡೆಗೂ ನಡುವೆ ಸಿಲುಕುವುದು. ನಾಯಿಗಳು ಎರಡಿದ್ದರೆ ಒಂದೊಂದಾಗಿ ಪರಿಚಯಿಸತಕ್ಕದ್ದು. ಒಂದರ ಭಯ ಇನ್ನೊಂದಕ್ಕೆ ಅಂಟುವುದು ಬಹು ಬೇಗ.

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಮನುಷ್ಯನ ಚುರುಕು ನಡಿಗೆಯಷ್ಟೇ. ಹಿಂದೆ ಕುದುರೆಗಳು ದೋಣಿಯನ್ನೆಳೆದ ದಡದ ಹಾದಿಯೂ ಉದ್ದಕ್ಕೂ ಪಕ್ಕದಲ್ಲಿರುತ್ತದೆ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ನಾಯಿಯೊಡನೆ ನಡೆದು ಮುಂದಿನ ಲಾಕಿನಲ್ಲಿ ಕೂಡಿಕೊಳ್ಳಬಹುದಾದ ಈ ಸೌಲಭ್ಯವು, ಎಲ್ಲ ಇಕ್ಕಟ್ಟುಗಳನ್ನೂ ಮರೆಸುವಷ್ಟು ದೊಡ್ಡದೆಂದು ನಾನು ಭಾವಿಸುತ್ತೇನೆ. ಸುರಂಗಗಳು ಇದಕ್ಕೆ ಅಪವಾದ: ನಾರ್ಥಾಂಪ್ಟನ್‌ಶೈರಿನಲ್ಲಿರುವ, 3,076 ಗಜ ಉದ್ದದ ಬ್ಲಿಸ್‌ವರ್ತ್ ಸುರಂಗದಲ್ಲಿ ನಡೆಯುವ ಹಾದಿಯೇ ಇಲ್ಲ, ಅಂಥಲ್ಲಿ ನಾಯಿಯನ್ನು ಒಳಗೆ, ದೀಪ ಹಚ್ಚಿದ ಕೋಣೆಯಲ್ಲಿ ಇರಿಸಬೇಕು. ವೇಲ್ಸಿನಲ್ಲಿ ಥಾಮಸ್ ಟೆಲ್ಫರ್ಡನು ಕಟ್ಟಿ 1805ರಲ್ಲಿ ತೆರೆದ ಪಾಂಟ್‌ಕಸಾಲ್ತಿ ಮೇಲ್ಗಾಲುವೆಯಾದರೋ ನದಿಯಿಂದ ಸುಮಾರು 38 ಮೀಟರ್ ಎತ್ತರದಲ್ಲಿದ್ದು, ನಡೆವ ಹಾದಿಯ ಕಡೆ ಕಂಬಿಯ ಆಸರೆಯಿದ್ದರೂ ಇನ್ನೊಂದು ಕಡೆ ಕಬ್ಬಿಣದ ತೊಟ್ಟಿಯ ಅಂಚು ಮಾತ್ರ ಇದೆ. ಅಲ್ಲಿ ದೋಣಿಯ ಮೇಲೆ ನಾಯಿಯನ್ನು ಸಡಿಲ ಬಿಡುವವನ ಧೈರ್ಯವನ್ನು ಹೊಗಳಲಾರೆ.

ಲಾಕ್‌ಗಳಲ್ಲಿ ವಹಿಸತಕ್ಕ ಎಚ್ಚರ ಮಿಕ್ಕೆಲ್ಲಕ್ಕಿಂತ ದೊಡ್ಡದು. ಏಳಡಿಯ ಕೊಠಡಿಯಲ್ಲಿ ಏಳಡಿಗೆ ಎರಡಂಗುಲ ಕಡಮೆಯ ದೋಣಿ ನಿಂತಾಗ, ನಡುವಿನ ಸಂದಿಗೆ ಬಿದ್ದ ಪ್ರಾಣಿಗೆ ಉಳಿಗಾಲವಿಲ್ಲ. ಇಳಿಯುವಾಗ, ಮೇಲಿನ ಬಾಗಿಲ ಬುಡದಿಂದ ಒಳಕ್ಕೆ ಚಾಚಿಕೊಂಡಿರುವ ‘ಸಿಲ್’ ಎಂಬ ಹೊಸ್ತಿಲ ಮೇಲೆ ದೋಣಿಯ ಹಿಂತುದಿ ಕೂತುಬಿಟ್ಟರೆ, ನೀರು ಇಳಿದಂತೆಲ್ಲ ದೋಣಿ ಮುಂದಕ್ಕೆ ವಾಲಿ ಮುಳುಗಲೂಬಹುದು. ಅದನ್ನೇ ಕಾಯುತ್ತಿರಬೇಕಾದ ನಾವಿಕನಿಗೆ ನಾಯಿಯನ್ನು ಕಾಯುವ ಬಿಡುವಿರುವುದಿಲ್ಲ. ಆದ್ದರಿಂದ ಲಾಕಿನ ಕೆಲಸ ಮುಗಿಯುವವರೆಗೆ ನಾಯಿಯು ಮುಚ್ಚಿದ ಬಾಗಿಲ ಒಳಗಿರಬೇಕು, ಇಲ್ಲವೆ ದಡದಲ್ಲಿ, ಅಂಚಿನಿಂದ ದೂರದ ಬೇಲಿಗೆ ಕಟ್ಟಿರಬೇಕು. ದಡದಲ್ಲಿರುವ ನಾಯಿಯ ಹಗ್ಗವನ್ನು ದೋಣಿಗೂ, ದೋಣಿಯ ಮೇಲಿರುವ ನಾಯಿಯ ಹಗ್ಗವನ್ನು ದಡಕ್ಕೂ ಎಂದೂ ಬಿಗಿಯಕೂಡದು: ದೋಣಿ ನೋಡನೋಡುತ್ತಲೇ ಹಲವು ಅಡಿ ಕೆಳಗಿಳಿಯುತ್ತದೆ.

ಇಷ್ಟಾದರೂ ನಾಯಿ ಒಂದಲ್ಲ ಒಂದು ದಿನ ನೀರಿಗೆ ಬೀಳುತ್ತದೆ. ಆಗ ಮೊದಲು ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ ನಿಲ್ಲಿಸುವುದು. ಲಾಕಿನಲ್ಲಾದರೆ ನೀರಿನ ಕಿಂಡಿಗಳನ್ನು ಮುಚ್ಚುವುದು. ಅನಂತರವೇ ನಾಯಿಯನ್ನು ಕರೆಯುವುದು. ಕಾಲುವೆಯ ಆಳ ಸಾಧಾರಣವಾಗಿ ಹೆಚ್ಚಿಲ್ಲದಿದ್ದರೂ, ಅನೇಕ ಕಡೆ ದಡಕ್ಕೆ ನೆಟ್ಟ ಉಕ್ಕಿನ ತಗಡುಗಳು ನೆಟ್ಟಗೆ ನಿಂತಿರುವುದರಿಂದ, ಈಜು ಬಲ್ಲ ನಾಯಿಯೂ ಮೇಲೆ ಹತ್ತಲಾರದೆ ಬಳಲುತ್ತದೆ. ಬೆನ್ನಿನ ಮೇಲೆ ಗಟ್ಟಿಯಾದ ಹಿಡಿಯುಳ್ಳ ತೇಲುಕವಚವನ್ನು ಪಯಣದ ಹೊತ್ತಿನಲ್ಲಿ ತೊಡಿಸಿರಬೇಕೆನ್ನುವುದು ಇದಕ್ಕಾಗಿ: ತೇಲುವುದಕ್ಕಿಂತಲೂ ಎತ್ತುವುದಕ್ಕೇ ಅದು ಹೆಚ್ಚು ಬೇಕಾದದ್ದು.

ಮಲೆನಾಡಿನವರೂ ಕರಾವಳಿಯವರೂ ಚೆನ್ನಾಗಿ ಬಲ್ಲ ಇಲಿಜ್ವರ ಅಲ್ಲಿನ ಕಾಲುವೆಯ ನೀರಿನಲ್ಲಿಯೂ ಉಂಟು. ನಾಯಿಗೆ ಪ್ರತಿವರ್ಷ ಅದರ ಲಸಿಕೆ ಹಾಕಿಸತಕ್ಕದ್ದು. ಒಡೆಯನು ಕೈಯ ಗಾಯಗಳನ್ನು ಮುಚ್ಚಿ, ಊಟಕ್ಕೆ ಮುಂಚೆ ಕೈ ತೊಳೆಯತಕ್ಕದ್ದು. ಬೇಸಗೆಯಲ್ಲಿ ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ಕಾಣುವ ನೀಲಿ-ಹಸಿರು ಪಾಚಿಯು ನಾಯಿಗಳಿಗೆ ಮಾರಕವಾಗಬಲ್ಲುದು, ಅದರ ವಿಷಕ್ಕೆ ಪ್ರತಿವಿಷವಿಲ್ಲ. ಅಂಥ ಕಡೆ ಇಳಿಯಲೂ ಕುಡಿಯಲೂ ಬಿಡಬಾರದು. ಮೀನು ಹಿಡಿಯುವವರು ಬಿಟ್ಟುಹೋದ ಗಾಳಗಳನ್ನೂ, ವಸಂತದಲ್ಲಿ ಮರಿಗಳನ್ನು ಕಾಯುವ ಹಂಸಗಳನ್ನೂ ಕಂಡಾಗ ಹಗ್ಗ ಗಿಡ್ಡವಾಗಲಿ. ಬಿಸಿಲುಗಾಲದಲ್ಲಿ ಉಕ್ಕಿನ ದೋಣಿ ಒಲೆಯಂತಾಗುವುದರಿಂದ, ನಾಯಿಯನ್ನು ಒಳಗೆ ಕೂಡಿ ಕೆಲಸಕ್ಕೆ ಹೋಗುವವರು ಮರದ ನೆರಳನ್ನು ಹುಡುಕಿಯೇ ದೋಣಿ ಕಟ್ಟಬೇಕು. ಒಂಟಿಯಾಗಿ ಉಳಿದ ನಾಯಿಯ ಬೊಗಳು ನೀರಿನ ಮೇಲೆ ಬಹುದೂರ ಕೇಳಿಸುತ್ತದೆಂಬುದನ್ನೂ, ನೆರೆದೋಣಿಯವರು ಅದನ್ನು ಹದಿನಾಲ್ಕು ದಿನ ಸಹಿಸಿಕೊಳ್ಳುವ ಹೊಣೆ ಹೊತ್ತಿಲ್ಲವೆಂಬುದನ್ನೂ ನೆನಪಿಡುವುದು ಒಳ್ಳೆಯದು.

ನಮ್ಮ ದೇಶದಿಂದಲೇ ನಾಯಿಯನ್ನು ಒಯ್ಯುವವರಿಗೆ ಸಿದ್ಧತೆ ತಿಂಗಳುಗಳ ಮುಂಚೆಯೇ ಆರಂಭವಾಗಬೇಕು. ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಅದಾಗಿ ಕಡಮೆಯೆಂದರೆ 30 ದಿನಗಳ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ, ತಲುಪುವ ಮುನ್ನ 24ರಿಂದ 120 ಗಂಟೆಗಳ ಒಳಗೆ ಲಾಡಿಹುಳುವಿನ ಔಷಧಿ: ಈ ಅನುಕ್ರಮ ತಪ್ಪಿದರೆ ನಾಯಿ ಪ್ರತ್ಯೇಕವಾಸಕ್ಕೆ ಹೋಗಬೇಕಾದೀತು. ಕೂದಲು ತೆಳುವಾದ ಮುಧೋಳದ ನಾಯಿಗೆ ಅಲ್ಲಿನ ಚಳಿಗಾಲದಲ್ಲಿ ಉಣ್ಣೆಯ ಅಂಗಿ ಅವಶ್ಯ. ಬೇಟೆಯ ಜಾತಿಯಾದ ಅದನ್ನು ಬಾತುಗಳು ತುಂಬಿದ ದಡದಲ್ಲಿ ಬಿಚ್ಚಿಬಿಡುವ ಆಸೆಯನ್ನು ಮಾತ್ರ ತೊರೆಯಬೇಕು.

ಕೊನೆಯದಾಗಿ ಕೊರಳಪಟ್ಟಿಯ ಬಿಲ್ಲೆ. ಸಾರ್ವಜನಿಕ ಸ್ಥಳದಲ್ಲಿ ನಾಯಿಯ ಕೊರಳಿನಲ್ಲಿ ಒಡೆಯನ ಹೆಸರೂ ವಿಳಾಸವೂ ಇರಬೇಕೆಂದು 1992ರ ಆಜ್ಞೆಯೊಂದು ಹೇಳುತ್ತದೆ. 2016ರಿಂದ ಇಂಗ್ಲೆಂಡಿನಲ್ಲಿ ಮೈಕ್ರೋಚಿಪ್ಪೂ ಕಡ್ಡಾಯ. ಊರಿಂದೂರಿಗೆ ಸಾಗುವ ದೋಣಿಗೆ ವಿಳಾಸವೆಲ್ಲಿಯದು? ಬಂಧುವಿನದೋ ಸ್ನೇಹಿತನದೋ ಸ್ಥಿರವಾದ ವಿಳಾಸವನ್ನು ಅವರ ಅನುಮತಿಯಿಂದ ಕೆತ್ತಿಸಿ, ಜೊತೆಗೆ ದೋಣಿಯ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಸೇರಿಸುವುದು ರೂಢಿ. ದೋಣಿ ನಿಂತ ಪ್ರತಿಯೊಂದು ಎಡೆಯಲ್ಲಿ, ಆ ಸಂಜೆಯೇ, ಹತ್ತಿರದ ಪಶುವೈದ್ಯರ ಸಂಖ್ಯೆಯನ್ನೂ, ಹತ್ತಿರದ ಸೇತುವೆಯ ಮೇಲಿನ ಅಂಕಿಯನ್ನೂ ಬರೆದು ಬಾಗಿಲ ಬಳಿ ತೂಗಹಾಕತಕ್ಕದ್ದು. ಕಾಲುವೆಯ ಸೇತುವೆಗಳಿಗೆಲ್ಲ ಸಾಮಾನ್ಯವಾಗಿ ಕ್ರಮಸಂಖ್ಯೆಯ ಫಲಕವಿರುವುದರಿಂದ, ನಡುರಾತ್ರಿ ಸಹಾಯಕ್ಕೆ ಬರುವವರಿಗೆ ಬೀದಿಯ ಹೆಸರಿಲ್ಲದ ಆ ಜಾಗವನ್ನು ಹೇಳಿ ತಿಳಿಸಲು ಬೇರೆ ಸುಲಭ ದಾರಿಯಿಲ್ಲ.