ಹದಕ್ಕೆ ಒದಗುವ ಬಾಡಿಗಿ ಎತ್ತು: ಗ್ಯಾಸಿನ ಕರೆಂಟು

ಎರಡು ವರ್ಷದ ಹಿಂದೆ ಬೇಸಿಗೆಯ ಒಂದು ಸಂಜೆ ನನ್ನ 5 ಎಚ್.ಪಿ. ಮೋಟರ್ ಸುಟ್ಟಿತು. ರಿವೈಂಡಿಂಗ್ ಆಗಿ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಅರ್ಧ ಎಕರೆ ಬದನೆ ಒಣಗಿಹೋಯಿತು. ನಮ್ಮ ಟಿ.ಸಿ. ಮೇಲಿನ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿದ್ದೆವು. ಕರೆಂಟು ಬಂದ ಕೂಡಲೇ ಎಲ್ಲ ಮೋಟರ್ ಒಮ್ಮೆಲೇ ಎದ್ದವು, ವೋಲ್ಟೇಜ್ ಕುಸಿಯಿತು. ತಪ್ಪು ನಮ್ಮದೇ.

ಆಮೇಲೆ ಬಾಜೂ ಹೊಲದವ ಕೇಳಿದ: "ಹಗಲೆಲ್ಲಾ ಬಿಸಿಲಿನ ಕರೆಂಟ ಭಾಳ ಅದ ಅಂತಾರ. ಸಂಜಿಗಿ ಯಾಕ ಕಡಿಮಿ ಬೀಳತೈತಿ?" ನಾನು ಏಳನೇತ್ತೆ ಕಲಿತವ. ಬಲ್ಲವರನ್ನು ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

ಕರೆಂಟಿಗೆ ಹಗೇವು ಇಲ್ಲ

ಜೋಳವನ್ನು ಹಗೇವಿನಲ್ಲಿ ಇಡಬಹುದು. ಕರೆಂಟನ್ನು ರಾಶಿಗಟ್ಟಲೆ ಕೂಡಿಡುವುದು ಇನ್ನೂ ತುಟ್ಟಿ. ಬಳಸುವ ಗಳಿಗೆಯಲ್ಲೇ, ಬಳಸುವಷ್ಟೇ ಹುಟ್ಟಿಸಬೇಕು. ಕಡಿಮೆ ಬಿದ್ದರೆ 50 ಹರ್ಟ್ಸ್ ಇರಬೇಕಾದ ಜಾಲದ ಓಟ ಇಳಿಯುತ್ತದೆ. ಆಗ ಜಾಲ ಉಳಿಸಲು ಕೆಲವು ಫೀಡರ್ ಬಂದ್ ಮಾಡಬೇಕಾಗುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಬಿದ್ದಾಗ ಕೋಟಿಗಟ್ಟಲೆ ಜನರಿಗೆ ಕರೆಂಟು ಹೋಯಿತು.

ಯಾರು ಯಾವಾಗ ದುಡಿಯುತ್ತಾರೆ?

ಪಾವಗಡದ ಸುಮಾರು 2,050 ಮೆಗಾವಾಟ್ ಸೋಲಾರ್ ಹೊತ್ತು ಮುಳುಗಿದರೆ ನಿಂತಿತು. ನಮ್ಮ ಸಕ್ಕರೆ ಕಾರ್ಖಾನೆಗಳ ಸಿಪ್ಪೆಯ ಕರೆಂಟು ಹೆಚ್ಚಾಗಿ ಕಬ್ಬಿನ ಹಂಗಾಮಿನಲ್ಲಿ. ರಾಯಚೂರಿನ ಕಲ್ಲಿದ್ದಲ ಘಟಕ ಪೂರಾ ತಣ್ಣಗಾದರೆ ಮತ್ತೆ ಏಳಲು ಬಹಳ ತಾಸು ಬೇಕು. ಶರಾವತಿಯ 1,035 ಮೆಗಾವಾಟ್ ಕೆಲವೇ ನಿಮಿಷದಲ್ಲಿ ಓಡುತ್ತದೆ, ಆದರೆ ಲಿಂಗನಮಕ್ಕಿಯಲ್ಲಿ ನೀರಿರಬೇಕು. 2023ರ ಬರದಲ್ಲಿ ಅದು ತುಂಬಲಿಲ್ಲ.

ಸಂಜೆ ದೀಪ, ಫ್ಯಾನು, ಟಿ.ವಿ. ಎಲ್ಲ ಒಮ್ಮೆಲೇ ಹತ್ತುವಾಗ ಬೇಗ ಏಳುವವರು ಬೇಕು. ಗ್ಯಾಸಿನ ಟರ್ಬೈನು ಆ ಜಾತಿಯದು. ವಿಮಾನದ ಎಂಜಿನ್ನಿನಂತೆ ಗ್ಯಾಸ್ ಉರಿದು ತಿರುಗುತ್ತದೆ. ಬಿಡಿ ಟರ್ಬೈನು ನಿಮಿಷಗಳಲ್ಲಿ ಏಳುತ್ತದೆ.

ನಮ್ಮ ರಾಜ್ಯದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಗ್ಯಾಸ್ ಸ್ಥಾವರ ಯಲಹಂಕದಲ್ಲಿದೆ. ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ. ಅಲ್ಲಿ ಗ್ಯಾಸ್ ಟರ್ಬೈನಿನ ಬಿಸಿ ಹೊಗೆಯಿಂದ ನೀರು ಕಾಸಿ ಇನ್ನೊಂದು ಉಗಿ ಟರ್ಬೈನು ತಿರುಗಿಸುತ್ತಾರೆ. ಎರಡೂ ಕೂಡಿ ಏಳಲು ಹೊತ್ತು ಹೆಚ್ಚು ಬೇಕು, ಆದರೆ ಗ್ಯಾಸ್ ಉಳಿಯುತ್ತದೆ. 2013ರಲ್ಲಿ ಲೋಕಾರ್ಪಣೆಯಾದ ದಾಭೋಳ-ಬೆಂಗಳೂರು ಪೈಪು ನಮ್ಮ ಬೆಳಗಾವಿ ಜಿಲ್ಲೆಯ ನೆಲದಡಿಯಿಂದಲೇ ಹಾಯ್ದು ಹೋಗಿದೆ.

ತುಟ್ಟಿಯಾದರೂ ಬೇಕು

ಹಡಗಿನಲ್ಲಿ ಬರುವ ಗ್ಯಾಸ್ ತುಟ್ಟಿ. ಹಗಲೂ ರಾತ್ರಿ ಉರಿಸಿದರೆ ಪೂರೈಸದು. ಹಾಗಂತ ಬೇಡ ಎನ್ನಲಾಗದು. ಹಿಂಗಾರಿಯಲ್ಲಿ ಬಿಳಿಜೋಳದ ಹದ ನಾಲ್ಕು ದಿನ. ಮನೆಯ ಒಂದು ಜೋಡಿ ಎತ್ತು ಸಾಲದಿದ್ದರೆ ಬಾಡಿಗಿ ಎತ್ತು ಹೂಡುತ್ತೇವೆ. ದಿನದ ಲೆಕ್ಕದಲ್ಲಿ ತುಟ್ಟಿ; ಹದ ತಪ್ಪಿದರೆ ಆಗುವ ಹಾನಿ ಅದಕ್ಕೂ ತುಟ್ಟಿ. ಏರುಹೊತ್ತಿನ ಸ್ಥಾವರ ಸುಮ್ಮನೆ ನಿಂತಿದ್ದರೂ ದಂಡವಲ್ಲ.

ನಮ್ಮ ಕೈಯಲ್ಲಿರುವುದು

ಯಲಹಂಕದ ಸ್ಥಾವರ ನಮ್ಮೂರ ಟಿ.ಸಿ. ಉಳಿಸಲಾರದು. ಅದನ್ನು ನಾವೇ ಉಳಿಸಬೇಕು. ಈಗ ನಾವು ಆಟೋ ಸ್ಟಾರ್ಟರ್ ತೆಗೆದು ಒಬ್ಬರಾದ ಮೇಲೆ ಒಬ್ಬರು ಮೋಟರ್ ಚಾಲೂ ಮಾಡುತ್ತೇವೆ. ತಕ್ಕ ಕೆಪಾಸಿಟರ್ ಹಾಕಿದ್ದೇವೆ. ಹಗಲು ತ್ರೀ ಫೇಸ್ ಸಿಕ್ಕರೆ ಹಗಲೇ ನೀರು ಹಾಯಿಸಿ ಸಂಜೆಯ ಹೊತ್ತು ಮೋಟರ್ ಮುಟ್ಟುವುದಿಲ್ಲ. ಅಂದಿನಿಂದ ನನ್ನ ಮೋಟರ್ ಸುಟ್ಟಿಲ್ಲ. ನಿಮ್ಮ ಟಿ.ಸಿ. ಮೇಲಿನವರೂ ಒಮ್ಮೆ ಕೂತು ಮಾತಾಡಿ ನೋಡಿರಿ.