ಲೋಕಾಭಿರಾಮದ ಮಾತು ಮತ್ತು ಸಾಮಾಜಿಕ ಸ್ಥಾನ: ಐಐಟಿಗಳ ‘ರ‍್ಯಾಂಕ್’ ಪ್ರಶ್ನೆಯ ವಿಶ್ಲೇಷಣೆ

ಭಾಷಾಧ್ಯಯನದಲ್ಲಿ ಲೋಕಾಭಿರಾಮದ ಮಾತನ್ನು ಬಹುಮಟ್ಟಿಗೆ ನಿರಪಾಯಕಾರಿ ಎಂದೇ ಭಾವಿಸಲಾಗಿದೆ. ಇಂತಹ ಮಾತಿನ ಉದ್ದೇಶ ವಿಷಯ ನಿವೇದನೆಯಲ್ಲ, ಆಡುವವರ ನಡುವೆ ಬಾಂಧವ್ಯವನ್ನು ಬೆಸೆಯುವುದು ಎಂದು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿ ಪ್ರತಿಪಾದಿಸಿದರು. ‘ಊಟ ಆಯಿತೇ?’ ಎಂದು ಕೇಳುವವರು ಊಟದ ವಿವರವನ್ನು ನಿರೀಕ್ಷಿಸುವುದಿಲ್ಲ ಎಂಬುದು ಇದಕ್ಕೆ ಕನ್ನಡದ ನಿದರ್ಶನ. ಆದರೆ ಶ್ರೇಣೀಕೃತ ಸಮಾಜದಲ್ಲಿ ಬೆಸೆಯುವ ಮಾತೇ ಬೇರ್ಪಡಿಸುವ ಮಾತೂ ಆಗಬಲ್ಲದು. ಐಐಟಿಗಳಂತಹ ಪ್ರತಿಷ್ಠಿತ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಪರಿಚಯದ ಹೊತ್ತಿನಲ್ಲಿ ಕೇಳುವ ‘ನಿನ್ನ ರ‍್ಯಾಂಕ್ ಎಷ್ಟು?’ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಐಐಟಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 1973ರಲ್ಲಿ, ಇತರ ಹಿಂದುಳಿದ ವರ್ಗಗಳಿಗೆ 2008ರಿಂದ ಮೀಸಲಾತಿ ಜಾರಿಗೆ ಬಂದಿತು. ಪ್ರವೇಶ ಪರೀಕ್ಷೆಯ ಫಲಿತಾಂಶದಲ್ಲಿ ಸಾಮಾನ್ಯ ರ‍್ಯಾಂಕ್ ಪಟ್ಟಿಯ ಜೊತೆಗೆ ವರ್ಗವಾರು ಪಟ್ಟಿಗಳೂ ಇರುತ್ತವೆ. ಯಾವ ವಿಭಾಗದ ಸೀಟು ಯಾವ ವರ್ಗಕ್ಕೆ ಎಷ್ಟನೆಯ ರ‍್ಯಾಂಕಿಗೆ ಮುಗಿಯಿತು ಎಂಬುದೂ ಬಹಿರಂಗ ಮಾಹಿತಿಯೇ. ಹೀಗಾಗಿ ರ‍್ಯಾಂಕನ್ನೂ ಓದುತ್ತಿರುವ ವಿಭಾಗವನ್ನೂ ಹೊಂದಿಸಿ ನೋಡಿದರೆ ಎದುರಿನವನು ಮೀಸಲಾತಿಯ ಮೂಲಕ ಬಂದವನೇ ಎಂಬುದನ್ನು ಊಹಿಸಬಹುದು. ಕುಶಲಪ್ರಶ್ನೆಯಂತೆ ತೋರುವ ಈ ಪ್ರಶ್ನೆ ವಾಸ್ತವವಾಗಿ ಮಾಹಿತಿಯಿಂದ ತುಂಬಿದೆ.

‘ಯಾವ ಊರು?’, ‘ಯಾರ ಪೈಕಿ?’ ಎಂದು ಕನ್ನಡದ ಹಳ್ಳಿಗಳಲ್ಲಿ ಅಪರಿಚಿತರನ್ನು ಕೇಳುವ ರೂಢಿಯಿದೆ. ಅಲ್ಲಿ ಜಾತಿಯ ವಿಚಾರಣೆ ಸಾಕಷ್ಟು ಬಹಿರಂಗವಾದುದು. ರ‍್ಯಾಂಕಿನ ಪ್ರಶ್ನೆಯಾದರೋ ಅದೇ ಕಾರ್ಯವನ್ನು ಪ್ರತಿಭೆಯ ಪರಿಭಾಷೆಯಲ್ಲಿ ನಿರ್ವಹಿಸುತ್ತದೆ. ಕೇಳಿದವನಿಗೆ ಜಾತಿಯನ್ನು ಕೇಳಿದ ಅಳುಕೂ ಇರುವುದಿಲ್ಲ. ಐಐಟಿ ಮದ್ರಾಸನ್ನು ಕೇಂದ್ರವಾಗಿರಿಸಿಕೊಂಡು ಅಜಂತಾ ಸುಬ್ರಮಣಿಯನ್ ರಚಿಸಿದ ‘ದಿ ಕಾಸ್ಟ್ ಆಫ್ ಮೆರಿಟ್’ (2019) ಕೃತಿಯು, ಮೇಲ್ಜಾತಿಗಳ ಪರಂಪರಾಗತ ಅನುಕೂಲಗಳು ‘ಪ್ರತಿಭೆ’ಯಾಗಿ ರೂಪಾಂತರಗೊಂಡ ಬಗೆಯನ್ನು ವಿವರಿಸುತ್ತದೆ. ಆ ರೂಪಾಂತರದ ದೈನಂದಿನ ಮುಖವನ್ನು ಈ ಪುಟ್ಟ ಪ್ರಶ್ನೆಯಲ್ಲಿ ಗುರುತಿಸಬಹುದು.

ಇಲ್ಲಿ ಮುಖ್ಯವಾದುದು ಉತ್ತರದ ಹೊರೆ ಯಾರ ಮೇಲಿದೆ ಎಂಬುದು. ಸಾಮಾನ್ಯ ಪಟ್ಟಿಯಲ್ಲಿ ಮೇಲಿರುವವನಿಗೆ ಪ್ರಶ್ನೆಯು ಹೆಮ್ಮೆಯ ಅವಕಾಶ. ಮೀಸಲಾತಿಯ ವಿದ್ಯಾರ್ಥಿಗೆ ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಅವನ ಮೌನವನ್ನೂ ಉತ್ತರವೆಂದೇ ಓದಲಾಗುತ್ತದೆ. ಊಟದ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟು ಮುಂದೆ ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ರ‍್ಯಾಂಕಿನ ಪ್ರಶ್ನೆಯಲ್ಲಿ ಅದು ಕೆಲವರಿಗಷ್ಟೇ ಲಭ್ಯ.

2023ರ ಫೆಬ್ರವರಿಯಲ್ಲಿ ಐಐಟಿ ಬಾಂಬೆಯ ದಲಿತ ವಿದ್ಯಾರ್ಥಿಯೊಬ್ಬನ ಸಾವು ಜಾತಿ ತಾರತಮ್ಯದ ಚರ್ಚೆಗೆ ಎಡೆಮಾಡಿತು. ಅದೇ ವರ್ಷದ ಜುಲೈನಲ್ಲಿ ಆ ಸಂಸ್ಥೆಯು, ಜಾತಿಯನ್ನು ಸೂಚಿಸಬಹುದಾದ ಕಾರಣ ಸಹಪಾಠಿಗಳ ಪ್ರವೇಶ ರ‍್ಯಾಂಕನ್ನು ವಿಚಾರಿಸುವುದು ಅನುಚಿತವೆಂದು ಮಾರ್ಗಸೂಚಿ ಹೊರಡಿಸಿತು. ಲೋಕಾಭಿರಾಮದ ಪ್ರಶ್ನೆಯೊಂದು ಸಾಂಸ್ಥಿಕ ನಿಯಮದ ವಸ್ತುವಾದುದು ಗಮನಾರ್ಹ. ಆದರೆ ನಿಯಮವು ಪ್ರಶ್ನೆಯನ್ನು ತಡೆಯಬಹುದೇ ಹೊರತು ಅದರ ಹಿಂದಿನ ಕುತೂಹಲವನ್ನಲ್ಲ. ಮನೆತನದ ಹೆಸರು, ಕೋಚಿಂಗ್ ಪಡೆದ ಊರು, ಇಂಗ್ಲಿಷಿನ ಉಚ್ಚಾರಣೆ ಅದೇ ಕೆಲಸಕ್ಕೆ ಒದಗಬಲ್ಲವು.

ಆದ್ದರಿಂದ ಲೋಕಾಭಿರಾಮದ ಮಾತಿನ ಅಧ್ಯಯನವು ಯಾರು ಏನು ಕೇಳಿದರು ಎಂಬಲ್ಲಿಗೆ ನಿಲ್ಲಲಾಗದು. ಉತ್ತರಿಸದೆ ಇರುವ ಸ್ವಾತಂತ್ರ್ಯ ಯಾರಿಗಿತ್ತು ಎಂಬುದನ್ನೂ ಅದು ಪರಿಶೀಲಿಸಬೇಕಾಗುತ್ತದೆ.