ವೃತ್ತಿ ಕಾಲೇಜಿನವರಿಗೆ ಕೆಲಸ ನಿರಾಕರಿಸಿದರೆ ಚೀನಾದ ಕಾನೂನು ಏನೆನ್ನುತ್ತದೆ?

ಚೀನಾದಲ್ಲಿ ಒಂಬತ್ತನೇ ತರಗತಿ ಮುಗಿಸಿ ಬರೆಯುವ 'ಝೋಂಗ್‌ಕಾವ್' ಪರೀಕ್ಷೆಯಲ್ಲಿ ಅಂಕ ಸಾಲದ ಮಕ್ಕಳು ಹೆಚ್ಚಾಗಿ ವೃತ್ತಿ ಶಾಲೆಯ ದಾರಿ ಹಿಡಿಯುತ್ತಾರೆ. ಮುಂದೆ ಮೂರು ವರ್ಷದ ವೃತ್ತಿ ಕಾಲೇಜೂ ಮುಗಿದು, ವೆಲ್ಡಿಂಗೋ ನರ್ಸಿಂಗೋ ಕೈಗೆ ಹತ್ತಿದ ಮೇಲೂ, ನೇಮಕಾತಿ ಜಾಹೀರಾತಿನ 'ಪೂರ್ಣಾವಧಿ ಸಾಮಾನ್ಯ ಪದವಿ ಕಡ್ಡಾಯ' ಎಂಬ ಷರತ್ತು ಅಡ್ಡ ಬರುತ್ತದೆ. ಹದಿನೈದರ ಹರೆಯದ ಒಂದು ಪರೀಕ್ಷೆ ಬದುಕಿನುದ್ದಕ್ಕೂ ಬೆನ್ನು ಬಿಡದಿರುವುದು ಅನ್ಯಾಯ.

ಇಂಥ ಷರತ್ತನ್ನು ಪ್ರಶ್ನಿಸಲು ಇರುವ ದೊಡ್ಡ ಆಧಾರ, 2022ರ ಮೇ 1ರಂದು ಜಾರಿಗೆ ಬಂದ ಪರಿಷ್ಕೃತ ವೃತ್ತಿ ಶಿಕ್ಷಣ ಕಾಯ್ದೆಯ 53ನೇ ಕಲಂ. ವೃತ್ತಿ ಶಾಲೆಗಳಲ್ಲಿ ಓದಿದವರ ಸಮಾನ ಉದ್ಯೋಗಾವಕಾಶಕ್ಕೆ ತೊಡಕಾಗುವ ಷರತ್ತುಗಳನ್ನು ಯಾವ ಉದ್ಯೋಗದಾತರೂ ಹಾಕುವಂತಿಲ್ಲ. ಸರ್ಕಾರಿ ಕಚೇರಿ, ಸಾರ್ವಜನಿಕ ಸಂಸ್ಥೆ, ಸರ್ಕಾರಿ ಕಂಪನಿಗಳು ಕೌಶಲದ ಹುದ್ದೆಗೆ ಕೌಶಲವನ್ನು ಒಂದು ಮುಖ್ಯ ಅರ್ಹತೆಯಾಗಿ ನೋಡಬೇಕು. ತಾಂತ್ರಿಕ ಶಾಲೆಗಳ ಉನ್ನತ ಕುಶಲಕರ್ಮಿ ತರಗತಿಯನ್ನು ಮೂರು ವರ್ಷದ ಕಾಲೇಜಿಗೆ, ತಂತ್ರಜ್ಞ ತರಗತಿಯನ್ನು ಪದವಿಗೆ ಸಮವೆಂದು ಪರಿಗಣಿಸುವಂತೆ ಸಾರ್ವಜನಿಕ ಸಂಸ್ಥೆಗಳಿಗೆ 2021ರಲ್ಲೇ ಸೂಚನೆ ಹೋಗಿದೆ.

ಹಾಗೆಂದು ಪದವಿ ಕೇಳುವುದೇ ಅಪರಾಧವಲ್ಲ. ಇಲ್ಲೇ ಅನೇಕರು ಎಡವುತ್ತಾರೆ. ಒಂದು ಪ್ರಕರಣ ನೋಡಿ. 2019ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಒಂದು ರೆಸಾರ್ಟ್ ಕಂಪನಿ, ಹುಟ್ಟೂರಿನ ಪ್ರಾಂತ್ಯವನ್ನೇ ಎತ್ತಿ 'ಹೆನಾನ್‌ನವರು' ಎಂಬ ಕಾರಣ ನಮೂದಿಸಿ ಯುವತಿಯೊಬ್ಬರ ಅರ್ಜಿಯನ್ನು ತಳ್ಳಿಹಾಕಿತು. ಆಕೆ ಫೋನಿನಲ್ಲಿದ್ದ ತಿರಸ್ಕಾರದ ಪುಟವನ್ನು ನೋಟರಿಯಿಂದ ದೃಢೀಕರಿಸಿಕೊಂಡು ದಾವೆ ಹೂಡಿದರು. ಹಾಂಗ್‌ಝೌ ಇಂಟರ್ನೆಟ್ ನ್ಯಾಯಾಲಯ ಮಾನಸಿಕ ನೋವಿಗೆ 9,000 ಯುವಾನ್, ಖರ್ಚಿಗೆ 1,000 ಯುವಾನ್ ಕೊಡಿಸಿತು, ಕ್ಷಮೆಯನ್ನೂ ಕೇಳಿಸಿತು. ಆದರೆ ಅದೇ ತೀರ್ಪು, ಹುಟ್ಟಿದ ಊರು ಬೇರೆ, ಗಳಿಸಿದ ವಿದ್ಯೆ ಬೇರೆ ಎಂದು ಗೆರೆ ಎಳೆದಿದೆ. ಕೆಲಸಕ್ಕೆ ಸಂಬಂಧವಿದ್ದರೆ ವಿದ್ಯಾರ್ಹತೆ ಕೇಳಬಹುದು. ಹೀಗಾಗಿ ವೃತ್ತಿ ಕಾಲೇಜಿನವರು 'ನನ್ನನ್ನು ಕೀಳಾಗಿ ಕಂಡರು' ಎಂದಷ್ಟೇ ಹೇಳಿದರೆ ಸಾಲದು. ಆ ಹುದ್ದೆಯ ಕೆಲಸಕ್ಕೂ ಪದವಿಗೂ ನಂಟಿಲ್ಲವೆಂದು ತೋರಿಸಿ, 53ನೇ ಕಲಮಿನ ಮೇಲೆ ವಾದ ಕಟ್ಟಬೇಕು. ಯಂತ್ರ ನಡೆಸುವ ಹುದ್ದೆಗೆ ಪದವಿ ಕೇಳಿದ್ದರೆ ವಾದ ಗಟ್ಟಿ. ಸಂಶೋಧನೆಯ ಹುದ್ದೆಗಾದರೆ ದುರ್ಬಲ.

ವಾದಕ್ಕೆ ಸಾಕ್ಷ್ಯವಾಗಿ ಜಾಹೀರಾತು, ಹುದ್ದೆಯ ವಿವರ, ತಿರಸ್ಕಾರದ ಸಂದೇಶ ಇವುಗಳ ಸ್ಕ್ರೀನ್‌ಶಾಟ್ ಅಳಿಸಿಹೋಗುವ ಮುನ್ನ ತೆಗೆದಿಡಬೇಕು. ಸಾಧ್ಯವಾದರೆ ನೋಟರಿ ಮಾಡಿಸುವುದು ಒಳ್ಳೆಯದು. ಫೋನಿನಲ್ಲಿ ಬಾಯಿಮಾತಿಗೆ 'ಬೇಡ' ಎಂದಿದ್ದರೆ, ಕಾರಣವನ್ನು ಬರಹದಲ್ಲಿ ಕೇಳಿ. ಮಾನವ ಸಂಪನ್ಮೂಲ ಮತ್ತು ಸಾಮಾಜಿಕ ಭದ್ರತಾ ಇಲಾಖೆಯ 12333 ಸಹಾಯವಾಣಿಗೆ ದೂರು ಕೊಡಬಹುದು. ಆದರೆ ಉಲ್ಲಂಘಿಸಿದರೆ ಇಷ್ಟು ದಂಡವೆಂದು 53ನೇ ಕಲಂ ತಾನೇ ಹೇಳುವುದಿಲ್ಲ. ಈ ಕೊರತೆಯನ್ನು ಶಾಸನ ರೂಪಿಸುವವರು ತುಂಬಲೇಬೇಕು. ಅಲ್ಲಿಯವರೆಗೆ ಉಳಿದಿರುವ ದಾರಿ ನ್ಯಾಯಾಲಯ: ಉದ್ಯೋಗ ಉತ್ತೇಜನ ಕಾಯ್ದೆಯ 62ನೇ ಕಲಮಿನಡಿ ತಾರತಮ್ಯಕ್ಕೊಳಗಾದವರು ದಾವೆ ಹೂಡಬಹುದು. ಇಂಥ ದಾವೆಗಳಿಗೆ 'ಸಮಾನ ಉದ್ಯೋಗ ಹಕ್ಕಿನ ವ್ಯಾಜ್ಯ' ಎಂಬ ಪ್ರತ್ಯೇಕ ವರ್ಗ 2019ರಿಂದಲೇ ಇದೆ. ವಕೀಲರ ಶುಲ್ಕ ಭರಿಸಲಾಗದವರು ಕಾನೂನು ನೆರವಿನ ಬಗ್ಗೆ 12348ಕ್ಕೆ ಕರೆ ಮಾಡಿ ವಿಚಾರಿಸಬಹುದು.